ಹಾರ್ಟಲ್‌ಪೂಲ್‌ನಲ್ಲಿ ತೇಲುವ ಬೊಂಬಾಯಿ: ವಾಡಿಯಾ ಮನೆತನದ ಹಡಗುಗಳು



ಕನ್ನಡದವರ ಸಭೆಯಲ್ಲಿ ಬೊಂಬಾಯಿಯ ಪಾರ್ಸಿ ಬಡಗಿಗಳ ಕಥೆ ಏಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ಅದಕ್ಕೆ ಮೊದಲೇ ಕಾರಣ ಕೊಟ್ಟುಬಿಡುತ್ತೇನೆ. ಅವರು ಕಟ್ಟಿದ ಹಡಗೊಂದು ನಾವಿರುವ ಈ ದೇಶದಲ್ಲೇ, ವಾರಾಂತ್ಯಕ್ಕೆ ಕಾರಿನಲ್ಲಿ ಹೋಗಿ ನೋಡುವಷ್ಟು ಹತ್ತಿರದಲ್ಲಿ ಇದೆ. ಅವರ ಹಡಗುಕಟ್ಟೆಗೆ ಮರ ಕೊಟ್ಟ ಕಾಡುಗಳಲ್ಲಿ ನಮ್ಮ ಪಶ್ಚಿಮಘಟ್ಟದ ಪಾಲೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಬೇರೆಯವರ ಸಂಸ್ಥೆಯಲ್ಲಿ, ಬೇರೆಯವರು ಕೊಟ್ಟ ನಕ್ಷೆಗೆ, ತಮ್ಮ ಕೈಚಳಕದಿಂದ ಬದುಕಿದ ಜನ. ಇಲ್ಲಿ ಕುಳಿತಿರುವ ನಮ್ಮಲ್ಲಿ ಬಹಳ ಮಂದಿ ಮಾಡುತ್ತಿರುವುದೂ ಅದನ್ನೇ.

ಆ ಹಡಗಿನ ಹೆಸರು ಎಚ್‌ಎಂಎಸ್ ಟ್ರಿಂಕೋಮಲಿ. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹಾರ್ಟಲ್‌ಪೂಲ್‌ನಲ್ಲಿದೆ. 1817ರ ಅಕ್ಟೋಬರ್ 12ರಂದು ಬೊಂಬಾಯಿಯಲ್ಲಿ ನೀರಿಗಿಳಿದ ಇದು ಇವತ್ತಿಗೂ ನೀರಿನ ಮೇಲೆಯೇ ಇದೆ. ಬ್ರಿಟನ್ನಿನ ತೇಲುತ್ತಿರುವ ಯುದ್ಧನೌಕೆಗಳಲ್ಲಿ ಇದೇ ಅತ್ಯಂತ ಹಳೆಯದು. ಪೋರ್ಟ್ಸ್‌ಮತ್‌ನಲ್ಲಿರುವ ನೆಲ್ಸನ್ನನ ವಿಕ್ಟರಿ ಇದಕ್ಕಿಂತ ಹಿರಿಯದು ನಿಜ, ಆದರೆ ಅದು ಡ್ರೈ ಡಾಕ್‌ನಲ್ಲಿ ಆಸರೆಗಳ ಮೇಲೆ ನಿಂತಿದೆ. ಓಕ್ ಮರದ ದೇಶದಲ್ಲಿ ಹೀಗೆ ತೇಲುತ್ತಾ ಉಳಿದದ್ದು ತೇಗದ ಹಡಗು.

ಕಥೆ ಶುರುವಾಗುವುದು ಸೂರತ್‌ನಲ್ಲಿ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಪಶ್ಚಿಮ ಕರಾವಳಿಯ ದೊಡ್ಡ ಬಂದರು ಅದು. ಈಸ್ಟ್ ಇಂಡಿಯಾ ಕಂಪನಿ ಅಲ್ಲಿ ಹಡಗು ಕಟ್ಟಿಸುತ್ತಿತ್ತು. ಅಲ್ಲಿನ ಕೆಲಸದ ಮೇಲೆ ಕಣ್ಣಿಟ್ಟಿದ್ದ ಕಂಪನಿಯ ಅಧಿಕಾರಿಗೆ ಲೌಜಿ ನಸರ್‌ವಾನ್‌ಜಿ ಎಂಬ ಬಡಗಿ ಮೇಸ್ತ್ರಿಯ ಕೆಲಸ ಹಿಡಿಸಿತು. 1736ರಲ್ಲಿ ಲೌಜಿ ತನ್ನ ಜೊತೆ ಇನ್ನೂ ಕೆಲವು ಬಡಗಿಗಳನ್ನು ಕರೆದುಕೊಂಡು ಬೊಂಬಾಯಿಗೆ ಬಂದ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕ್ಲೈಂಟ್ ಬಂದು ಕಾಂಟ್ರ್ಯಾಕ್ಟರ್ ಹತ್ತಿರವಿದ್ದ ಒಳ್ಳೆಯ ಕೆಲಸಗಾರನನ್ನೇ ಕರೆದುಕೊಂಡು ಹೋದ. ಆಗಿನ ಬೊಂಬಾಯಿ ಜೌಗು ನೆಲದ, ಜ್ವರಕ್ಕೆ ಹೆಸರಾದ ದ್ವೀಪ. ಸೂರತ್‌ನಂಥ ತುಂಬಿದ ಊರು ಬಿಟ್ಟು ಅಲ್ಲಿಗೆ ಹೋಗುವುದು ಸಣ್ಣ ನಿರ್ಧಾರವಾಗಿರಲಿಕ್ಕಿಲ್ಲ.

ವಾಡಿಯಾ ಎಂಬ ಮನೆತನದ ಹೆಸರು ಬಂದದ್ದೇ ಹಡಗು ಕಟ್ಟುವ ಕಸುಬಿನಿಂದ. ನಮ್ಮ ಕಡೆ ಬಡಿಗೇರ, ಕಮ್ಮಾರ, ಪತ್ತಾರ ಎಂಬ ಅಡ್ಡಹೆಸರುಗಳಿಲ್ಲವೇ, ಹಾಗೆ.

ಬೊಂಬಾಯಿಗೆ ಒಂದು ಸ್ವಾಭಾವಿಕ ಅನುಕೂಲ ಇತ್ತು. ಅಲ್ಲಿನ ಸಮುದ್ರದಲ್ಲಿ ಭರತಕ್ಕೂ ಇಳಿತಕ್ಕೂ ನೀರಿನ ಮಟ್ಟದ ವ್ಯತ್ಯಾಸ ಹೆಚ್ಚು. ಭರತದ ಹೊತ್ತಿಗೆ ಹಡಗನ್ನು ಕಲ್ಲಿನ ಕೊಳದಂಥ ಡಾಕ್‌ನೊಳಕ್ಕೆ ತೇಲಿಸಿ ತಂದು, ಇಳಿತದಲ್ಲಿ ನೀರು ಹೊರಗೆ ಹೋದ ಮೇಲೆ ಬಾಗಿಲು ಮುಚ್ಚಿಬಿಟ್ಟರೆ ಹಡಗಿನ ತಳ ಒಣನೆಲದ ಮೇಲೆ ಕೆಲಸಕ್ಕೆ ಸಿಗುತ್ತದೆ. 1750ರಲ್ಲಿ ಇಂಥ ಮೊದಲ ಡ್ರೈ ಡಾಕ್ ಸಿದ್ಧವಾಯಿತು. ಮುಂದಿನ ಹದಿನೈದು ವರ್ಷಗಳಲ್ಲಿ ಅದರ ಜೊತೆಗೆ ಇನ್ನೆರಡು ಸೇರಿದವು. 1810ರ ಹೊತ್ತಿಗೆ ಇನ್ನೂ ದೊಡ್ಡದಾದ ಡಂಕನ್ ಡಾಕ್ ಬಂತು. ಇವತ್ತು ಅವೆಲ್ಲ ಭಾರತೀಯ ನೌಕಾಪಡೆಯ ಮುಂಬಯಿ ಡಾಕ್‌ಯಾರ್ಡಿನ ಒಳಗಿವೆ.

ಲೌಜಿ 1774ರಲ್ಲಿ ತೀರಿಕೊಂಡ. ಆಮೇಲೆ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. ಸುಮಾರು ನೂರೈವತ್ತು ವರ್ಷ 'ಮಾಸ್ಟರ್ ಬಿಲ್ಡರ್' ಎಂಬ ಹುದ್ದೆ ಈ ಮನೆತನದ ಕೈಯಲ್ಲೇ ಉಳಿಯಿತು. ಅಷ್ಟರಲ್ಲಿ ಅವರು ಕಟ್ಟಿದ ಹಡಗುಗಳು ಮುನ್ನೂರಕ್ಕೂ ಹೆಚ್ಚು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಡಗುಕಟ್ಟೆ ಅವರದ್ದಲ್ಲ, ಕಂಪನಿಯದ್ದು. ಮರ, ಕಬ್ಬಿಣ, ತಾಮ್ರ ಎಲ್ಲವೂ ಕಂಪನಿಯ ಲೆಕ್ಕ. ಅವರು ಸಂಬಳದವರು. ಇವತ್ತಿನ ಪತ್ರಿಕೆಗಳು 'ವಾಡಿಯಾಗಳ ಹಡಗು ಸಾಮ್ರಾಜ್ಯ' ಎಂದೆಲ್ಲ ಬರೆಯುವುದುಂಟು. ಸಾಮ್ರಾಜ್ಯ ಇದ್ದದ್ದು ಬೇರೆಯವರದ್ದು. ಇವರಲ್ಲಿದ್ದದ್ದು ಕೈಕಸುಬು, ಮತ್ತು ಆ ಕಸುಬಿನ ಬಗ್ಗೆ ಜನಕ್ಕಿದ್ದ ನಂಬಿಕೆ.

ಆ ನಂಬಿಕೆಗೆ ಅರ್ಧ ಕಾರಣ ಮರ.

ಯುರೋಪಿನ ಯುದ್ಧನೌಕೆಗಳನ್ನು ಕಟ್ಟುತ್ತಿದ್ದದ್ದು ಓಕ್ ಮರದಿಂದ. ಗಟ್ಟಿ ಮರ, ಆದರೆ ಅದರಲ್ಲಿರುವ ಆಮ್ಲ ಕಬ್ಬಿಣದ ಮೊಳೆ, ಬೋಲ್ಟುಗಳನ್ನು ತಿನ್ನುತ್ತದೆ. ತೇವದಲ್ಲಿ ಶಿಲೀಂಧ್ರ ಹಿಡಿದು ಒಳಗೊಳಗೇ ಪುಡಿಯಾಗುವ ರೋಗವೂ ಉಂಟು. ತೇಗದಲ್ಲಿ, ಅಂದರೆ ನಮ್ಮ ಸಾಗುವಾನಿಯಲ್ಲಿ, ಸಹಜವಾಗಿಯೇ ಎಣ್ಣೆ ಇದೆ. ಅದು ಕಬ್ಬಿಣವನ್ನು ತಿನ್ನುವುದಿಲ್ಲ, ಕಾಪಾಡುತ್ತದೆ. ಹುಳುವೂ ಸುಲಭಕ್ಕೆ ಹಿಡಿಯುವುದಿಲ್ಲ. ಫಿರಂಗಿ ಗುಂಡು ತಗುಲಿದರೆ ಓಕ್ ಸಿಡಿದು, ಚಕ್ಕೆಗಳು ಈಟಿಗಳಂತೆ ನಾವಿಕರ ಮೈಗೆ ನಾಟುತ್ತಿದ್ದವು, ತೇಗ ಅಷ್ಟು ಸಿಡಿಯುವುದಿಲ್ಲ ಎಂಬ ಮಾತೂ ಇತ್ತು. ಇದರ ಮೇಲೆ ಸೂರತ್ ಕಡೆಯ ಬಡಗಿಗಳ ಹಳೆಯ ಜಾಣತನ ಬೇರೆ. ಹಲಗೆಯ ಅಂಚಿಗೆ ಅಂಚು ಸುಮ್ಮನೆ ತಾಗಿಸಿ ಸಂದಿಗೆ ನಾರು ತುರುಕುವ ಬದಲು, ಒಂದರ ಅಂಚು ಇನ್ನೊಂದರೊಳಗೆ ಕೂರುವಂತೆ ಕೆತ್ತಿ, ನಡುವೆ ಹತ್ತಿ ಮತ್ತು ರಾಳ ಹಾಕಿ ಬಿಗಿಯುತ್ತಿದ್ದರು. ಪಶ್ಚಿಮ ಕರಾವಳಿಯ ವ್ಯಾಪಾರಿ ಹಡಗುಗಳು ತಲೆಮಾರುಗಟ್ಟಲೆ ಬಾಳುತ್ತಿದ್ದದ್ದು ಹೀಗೆ.

ಈ ತೇಗ ಬರುತ್ತಿದ್ದದ್ದು ಮಲಬಾರ್ ಮತ್ತು ಕೆನರಾದ ಕಾಡುಗಳಿಂದ. ಅದೇ ಕಾಡುಗಳ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬರೂ ಇದ್ದರು. ಹೈದರಾಲಿ ಮಂಗಳೂರಿನಲ್ಲಿ ಕಟ್ಟಿಸಿದ್ದ ಯುದ್ಧನೌಕೆಗಳನ್ನು 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸ್‌ನ ಪಡೆ ಬಂದು ನಾಶ ಮಾಡಿತು. ಟಿಪ್ಪು ಸುಲ್ತಾನ 1796ರಲ್ಲಿ ಮತ್ತೆ ಯೋಜನೆ ಹಾಕಿದ: 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟ್. ಹಡಗುಕಟ್ಟೆಗಳಿಗೆ ಗುರುತಿಸಿದ ಜಾಗಗಳಲ್ಲಿ ಮಂಗಳೂರು, ಮಿರ್ಜಾನ್ ಕಡೆಯ ಅಳಿವೆ, ಕಾಳಿ ನದಿಯ ಬಾಯಲ್ಲಿರುವ ಸದಾಶಿವಗಡ ಸೇರಿದ್ದವು. ಮರ ರಾಜ್ಯದ ಕಾಡುಗಳಿಂದಲೇ ಬರಬೇಕಿತ್ತು. ಮೂರು ವರ್ಷದಲ್ಲಿ ಶ್ರೀರಂಗಪಟ್ಟಣ ಬಿತ್ತು, ಯೋಜನೆ ಕಾಗದದಲ್ಲೇ ಉಳಿಯಿತು, ಕೆನರಾ ಕಂಪನಿಯ ವಶವಾಯಿತು. ಟಿಪ್ಪುವಿನ ನೌಕಾಪಡೆ ಕೈಗೂಡಿದ್ದರೆ ಏನಾಗುತ್ತಿತ್ತು ಎಂಬ ಊಹೆ ನಮ್ಮಲ್ಲಿ ಕೆಲವರಿಗೆ ಪ್ರಿಯವಾದದ್ದು. ನನಗೆ ಅದರಲ್ಲಿ ಹೆಚ್ಚು ಆಸಕ್ತಿ ಇಲ್ಲ. ನಡೆದದ್ದೇ ಸಾಕಷ್ಟು ವಿಚಿತ್ರವಾಗಿದೆ: ಮೈಸೂರಿನ ಹಡಗುಗಳಾಗಬೇಕಿದ್ದ ಕಾಡಿನ ಮರ ಬೊಂಬಾಯಿಯ ದಾರಿ ಹಿಡಿಯಿತು.

ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಓಕ್ ಸಾಲದಾಯಿತು. ತೇಗಕ್ಕೆ ಬೇಡಿಕೆ ಏರಿತು. 1806ರಲ್ಲಿ ಕಂಪನಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಭಾರತದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಿಸಿತು. ಸಂರಕ್ಷಣೆ ಎಂದರೆ ಏನೆಂದು ಊಹಿಸಿ: ಮಲಬಾರಿನಲ್ಲಿ ಖಾಸಗಿಯವರು ತೇಗ ಕಡಿಯುವಂತಿಲ್ಲ, ದಿಮ್ಮಿ ಎಲ್ಲವೂ ಕಂಪನಿಗೆ. ಕಾಡಿನ ಒಡೆಯರೂ ಮರದ ವ್ಯಾಪಾರಿಗಳೂ ರೈತರೂ ಸಿಟ್ಟಾದರು. ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ ಕಾಲದಲ್ಲಿ ಆ ಹುದ್ದೆ ರದ್ದಾಯಿತು. ಆದರೆ ಅಷ್ಟರಲ್ಲಿ ಕೈಗೆ ಸಿಗುವ ದೊಡ್ಡ ಮರಗಳು ಹೋಗಿದ್ದವು. 1840ರ ದಶಕದಲ್ಲಿ ನಿಲಂಬೂರಿನಲ್ಲಿ ಕಲೆಕ್ಟರ್ ಕೊನೊಲಿ ತೇಗದ ತೋಪು ಬೆಳೆಸಲು ಹೊರಟದ್ದು ಇದೇ ಕೊರತೆಯಿಂದ. ಉತ್ತರ ಕನ್ನಡದಲ್ಲಿ ಕುಮರಿ ಬೇಸಾಯದ ಮೇಲೆ ನಿರ್ಬಂಧ, ಕಟ್ಟಿಗೆ ಸೊಪ್ಪಿಗೂ ಪರವಾನಗಿ, ಕೊನೆಗೆ 1930ರ ಕಾಡು ಸತ್ಯಾಗ್ರಹ: ಇದೆಲ್ಲ ಇನ್ನೊಂದು ಭಾಷಣದ ವಿಷಯ. ಅಂಕೋಲಾ, ಸಿದ್ದಾಪುರದ ಕಡೆಯವರು ಯಾರಾದರೂ ಇಲ್ಲಿದ್ದರೆ ನನಗಿಂತ ಚೆನ್ನಾಗಿ ಹೇಳಬಲ್ಲರು. ಹಡಗಿನ ಕಥೆಯನ್ನು ಬರೀ ಹೆಮ್ಮೆಯಿಂದ ಹೇಳುವವರು ಕಾಡಿನ ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ, ಅದಕ್ಕೇ ಇಷ್ಟು ಹೇಳಿದೆ.

ಈಗ ಜಮ್ಶೆಟ್‌ಜಿ ಬೊಮನ್‌ಜಿ. ಲೌಜಿಯ ಮೊಮ್ಮಗ, 1754ರಲ್ಲಿ ಹುಟ್ಟಿದವರು, ಮನೆತನದಲ್ಲೇ ದೊಡ್ಡ ಹೆಸರು. ಗ್ರೀನಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿ ಅವರ ಚಿತ್ರವಿದೆ. ಬಿಳಿಯ ಜಾಮಾ, ಪಾರ್ಸಿ ಪಗಡಿ, ಸೊಂಟದ ಪಟ್ಟಿಗೆ ಸಿಕ್ಕಿಸಿದ ಬೆಳ್ಳಿಯ ಅಳತೆಪಟ್ಟಿ. ಹಿಂದೆ ಅವರು ಕಟ್ಟಿದ ಮಿಂಡನ್ ಹಡಗು. ಅವರು 1800ರಲ್ಲಿ ಕಂಪನಿಗಾಗಿ ಕಾರ್ನ್‌ವಾಲಿಸ್ ಎಂಬ ಫ್ರಿಗೇಟ್ ಕಟ್ಟಿದರು. ಬ್ರಿಟಿಷ್ ನೌಕಾಪಡೆಯ ಆಡಳಿತವಾದ ಅಡ್ಮಿರಾಲ್ಟಿ ಅದನ್ನು ನೋಡಿ, ತನಗೂ ಬೊಂಬಾಯಿಯಲ್ಲಿ ಹಡಗು ಕಟ್ಟಿಸಲು ಮನಸ್ಸು ಮಾಡಿತು. ಮೇಲ್ವಿಚಾರಣೆಗೆ ಇಂಗ್ಲೆಂಡಿನಿಂದ ಒಬ್ಬರನ್ನು ಕಳಿಸುವ ಮಾತು ಬಂದರೂ, ಕೊನೆಗೆ ಜಮ್ಶೆಟ್‌ಜಿಯವರೇ ಸಾಕು ಎಂದಾಯಿತು.

ಆ ಫ್ರಿಗೇಟಿನ ಬಗ್ಗೆ ಒಂದು ಕಥೆ ಹೇಳುತ್ತಾರೆ. ಮುಂದೆಂದೋ ದುರಸ್ತಿಗೆ ಬಿಚ್ಚಿದಾಗ, ಕಣ್ಣಿಗೆ ಬೀಳದ ಒಳತೊಲೆಯೊಂದರ ಮೇಲೆ ಜಮ್ಶೆಟ್‌ಜಿ ಕೆತ್ತಿದ ಸಾಲು ಸಿಕ್ಕಿತಂತೆ. ಈ ಹಡಗನ್ನು ಕಟ್ಟಿದವನು ಒಬ್ಬ 'ದರಿದ್ರ ಕರಿಯ' ಎಂಬ ಅರ್ಥದ ಇಂಗ್ಲಿಷ್ ಬೈಗುಳ, ಕೆಳಗೆ 1800 ಎಂಬ ಇಸವಿ. ಇದು ಮನೆತನದ ಸುತ್ತ ಬೆಳೆದ ಕಥೆ, ಹಾಗೆಯೇ ತೆಗೆದುಕೊಳ್ಳಿ. ಆದರೂ ನಾನು ಇದನ್ನು ಬಿಡಲಾರೆ. ತನ್ನನ್ನು ಬೆನ್ನ ಹಿಂದೆ ಏನೆಂದು ಕರೆಯುತ್ತಾರೆಂದು ಗೊತ್ತಿರುವ ಮನುಷ್ಯ, ಅದೇ ಮಾತನ್ನು ಎತ್ತಿಕೊಂಡು, ತನ್ನ ಅತ್ಯುತ್ತಮ ಕೆಲಸದ ಒಳಗೆ, ಯಾರೂ ನೋಡದ ಕಡೆ ಸಹಿಯಂತೆ ಬಿಟ್ಟ ಎನ್ನುವ ಕಲ್ಪನೆಯಲ್ಲಿ ಹೊರನಾಡಿನ ಕೆಲಸಗಾರರಿಗೆ ಗುರುತು ಸಿಗುವ ಏನೋ ಇದೆ.

ಮಿಂಡನ್ 1810ರಲ್ಲಿ ನೀರಿಗಿಳಿಯಿತು. 74 ಫಿರಂಗಿಗಳ ಹಡಗು. ಬ್ರಿಟಿಷ್ ನೌಕಾಪಡೆಯ ಮುಂಚೂಣಿ ಸಾಲಿನ ಯುದ್ಧನೌಕೆಯೊಂದನ್ನು ಬ್ರಿಟನ್ನಿನ ಹೊರಗೆ ಕಟ್ಟಿದ್ದು ಅದೇ ಮೊದಲು. ಇದರ ಬಗ್ಗೆ ವಾಟ್ಸ್ಯಾಪ್‌ನಲ್ಲಿ ನೀವೆಲ್ಲ ಓದಿರುತ್ತೀರಿ: ಅಮೆರಿಕದ ರಾಷ್ಟ್ರಗೀತೆಯನ್ನು ಫ್ರಾನ್ಸಿಸ್ ಸ್ಕಾಟ್ ಕೀ 1814ರಲ್ಲಿ ಬರೆದದ್ದು ಈ ಭಾರತೀಯ ಹಡಗಿನ ಮೇಲೆ ಕುಳಿತು ಎಂದು. ಇದು ನಿಲ್ಲುವ ಮಾತಲ್ಲ. ಬಾಲ್ಟಿಮೋರ್ ದಾಳಿಯ ರಾತ್ರಿ ಕೀ ಇದ್ದದ್ದು ಸಂಧಾನಕ್ಕೆ ಬಂದ ಅಮೆರಿಕನ್ ಹಡಗಿನಲ್ಲಿ. ವಾಡಿಯಾಗಳ ಹೆಮ್ಮೆಗೆ ಸಾಲ ತಂದ ಆಭರಣ ಬೇಕಿಲ್ಲ.

ನಿಜವಾದ ಸಂಗತಿಗಳೇ ಬೇಕಾದಷ್ಟಿವೆ. ಕವಿ ಬೈರನ್ 1810ರ ಮೇ ತಿಂಗಳಲ್ಲಿ ಹೆಲೆಸ್ಪಾಂಟ್ ಜಲಸಂಧಿಯನ್ನು ಈಜಿ ದಾಟಿದನಲ್ಲ, ಅವನು ಅಲ್ಲಿಗೆ ಬಂದದ್ದು ಬೊಂಬಾಯಿಯಲ್ಲಿ ಕಟ್ಟಿದ ಸಾಲ್ಸೆಟ್ ಫ್ರಿಗೇಟಿನಲ್ಲಿ. 1827ರ ನವರಿನೋ ಕದನದಲ್ಲಿ ಅಡ್ಮಿರಲ್ ಕಾಡ್ರಿಂಗ್‌ಟನ್ನನ ಧ್ವಜನೌಕೆ ಏಷ್ಯಾ ಕೂಡ ಬೊಂಬಾಯಿಯದೇ. 1815ರ ವೆಲ್ಲೆಸ್ಲಿ ಹಡಗು 1940ರ ಸೆಪ್ಟೆಂಬರಿನಲ್ಲಿ ಥೇಮ್ಸ್ ನದಿಯಲ್ಲಿ ತರಬೇತಿ ಹಡಗಾಗಿ ನಿಂತಿದ್ದಾಗ ಜರ್ಮನ್ ವಿಮಾನಗಳ ಬಾಂಬಿಗೆ ಸಿಕ್ಕಿ ಮುಳುಗಿತು. ಆ ಹೊತ್ತಿಗೆ ಅದಕ್ಕೆ 125 ವರ್ಷ.

ಆದರೆ ಈ ಪಟ್ಟಿಯನ್ನು ಇಲ್ಲಿಗೇ ನಿಲ್ಲಿಸಿದರೆ ಮೋಸ ಮಾಡಿದಂತೆ. ಅದೇ ವೆಲ್ಲೆಸ್ಲಿ 1839ರಲ್ಲಿ ಕರಾಚಿಯನ್ನು ಬ್ರಿಟಿಷರಿಗೆ ಗೆದ್ದುಕೊಟ್ಟಿತು. ಮರುವರ್ಷ ಅಫೀಮು ಯುದ್ಧಕ್ಕೆ ಚೀನಾಕ್ಕೆ ಹೋಯಿತು. 1842ರ ಆಗಸ್ಟ್ 29ರಂದು, ಹಾಂಗ್‌ಕಾಂಗನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟ ನಾನ್‌ಕಿಂಗ್ ಒಪ್ಪಂದಕ್ಕೆ ಚೀನೀಯರು ಸಹಿ ಹಾಕಿದ್ದು ಜಮ್ಶೆಟ್‌ಜಿ 1813ರಲ್ಲಿ ಕಟ್ಟಿದ ಕಾರ್ನ್‌ವಾಲಿಸ್ ಹಡಗಿನ ಮೇಲೆ. ಇದು ಮೊದಲು ಹೇಳಿದ ಫ್ರಿಗೇಟ್ ಅಲ್ಲ, ಅದೇ ಹೆಸರಿನ ಇನ್ನೊಂದು. ಹಡಗು ಎಲ್ಲಿಗೆ ಹೋಗಬೇಕು, ಯಾರ ಮೇಲೆ ಗುಂಡು ಹಾರಿಸಬೇಕು ಎಂಬುದನ್ನು ಬಡಗಿಯನ್ನು ಕೇಳಿ ಯಾರೂ ನಿರ್ಧರಿಸುವುದಿಲ್ಲ. ಹಾಗೆಂದು ಕಟ್ಟಿದವರಿಗೂ ಅದಕ್ಕೂ ಸಂಬಂಧವೇ ಇಲ್ಲ ಎನ್ನಲೂ ನನ್ನ ಮನಸ್ಸು ಒಪ್ಪುವುದಿಲ್ಲ. ಬೊಂಬಾಯಿಯ ಸಿರಿವಂತಿಕೆಯಲ್ಲಿ ಚೀನಾ ವ್ಯಾಪಾರದ ಪಾಲು ದೊಡ್ಡದು, ಆ ವ್ಯಾಪಾರದ ಸರಕು ಬಹುಮಟ್ಟಿಗೆ ಅಫೀಮು.

ಟ್ರಿಂಕೋಮಲಿಯ ಹುಟ್ಟಿನ ಕಥೆಯೂ ಸ್ವಾರಸ್ಯವಾಗಿದೆ. ಅದರ ವಿನ್ಯಾಸ ಮೂಲತಃ ಫ್ರೆಂಚರದ್ದು. 1782ರಲ್ಲಿ ಬ್ರಿಟಿಷರು ಸೆರೆಹಿಡಿದ ಹೇಬೆ ಎಂಬ ಫ್ರೆಂಚ್ ಫ್ರಿಗೇಟನ್ನು ಅಳೆದು ನಕ್ಷೆ ತೆಗೆದು, ಅದೇ ಮಾದರಿಯಲ್ಲಿ ಹಡಗುಗಳನ್ನು ಕಟ್ಟಿಸಲು ಹೊರಟರು. 1812ರಲ್ಲಿ ನಕ್ಷೆಗಳು ಜಾವಾ ಎಂಬ ಹಡಗಿನಲ್ಲಿ ಬೊಂಬಾಯಿಗೆ ಹೊರಟವು. ಆ ವರ್ಷದ ಡಿಸೆಂಬರ್ 29ರಂದು ಬ್ರೆಜಿಲ್ ತೀರದಾಚೆ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಹಡಗು ಜಾವಾವನ್ನು ಸೋಲಿಸಿ ನಾಶ ಮಾಡಿತು, ನಕ್ಷೆಗಳೂ ಹೋದವು. ಮತ್ತೆ ಪ್ರತಿ ಮಾಡಿ ಕಳಿಸಬೇಕಾಯಿತು. ಬ್ಯಾಕಪ್ ಇಟ್ಟುಕೊಳ್ಳಿ ಎಂದು ನಾವು ಹೇಳುವುದು ಸುಮ್ಮನೆ ಅಲ್ಲ. ಆ ಕಾನ್‌ಸ್ಟಿಟ್ಯೂಷನ್ ಕೂಡ ಇನ್ನೂ ಉಳಿದಿದೆ, ಬಾಸ್ಟನ್‌ನಲ್ಲಿ.

1816ರಲ್ಲಿ ಕೆಲಸ ಶುರುವಾಯಿತು. ಅಡಿತೊಲೆಗೆ ಬೆಳ್ಳಿಯ ಮೊಳೆಯೊಂದನ್ನು ಹೊಡೆದು ಪಾರ್ಸಿ ಪದ್ಧತಿಯಂತೆ ಪೂಜೆ ಮಾಡಿದರು. ಮನೆ ಕಟ್ಟುವಾಗ ಪಾಯಕ್ಕೆ ನಾಣ್ಯ ಹಾಕುವ ನಮಗೆ ಇದು ಹೊಸದೇನಲ್ಲ. ಬ್ರಿಟಿಷ್ ಅಧಿಕಾರಿಗಳು ಸುತ್ತ ನಿಂತು ನೋಡಿದರು, ಬೇಡ ಎನ್ನಲಿಲ್ಲ. ಹೀಗೆ ಫ್ರೆಂಚ್ ಆಕಾರ, ಇಂಗ್ಲಿಷ್ ಕಾಗದ, ಮಲಬಾರ್ ತೇಗ, ಪಾರ್ಸಿ ಮೊಳೆ, ಲಂಕೆಯ ಬಂದರಿನ ಹೆಸರು. ವೆಚ್ಚ ಸುಮಾರು 23,000 ಪೌಂಡ್. 1819ರ ಏಪ್ರಿಲ್‌ನಲ್ಲಿ ಪೋರ್ಟ್ಸ್‌ಮತ್ ತಲುಪುವ ಹೊತ್ತಿಗೆ ನೆಪೋಲಿಯನ್ ಸೇಂಟ್ ಹೆಲೆನಾದಲ್ಲಿ ಸೆರೆಯಲ್ಲಿದ್ದ, ಯುದ್ಧ ಮುಗಿದಿತ್ತು. ಬೇಡವಾದ ಹಡಗನ್ನು 1845ರವರೆಗೆ ಮೂಲೆಯಲ್ಲಿ ಕಟ್ಟಿಟ್ಟರು. ಉಳಿದುಕೊಳ್ಳಲು ಅದೂ ಒಂದು ಕಾರಣ.

ಇನ್ನು ಹೆಸರಿಲ್ಲದವರ ಮಾತು. ಮಾಸ್ಟರ್ ಬಿಲ್ಡರ್‌ಗೆ ಚಿತ್ರವಿದೆ, ಬೆಳ್ಳಿಪಟ್ಟಿ ಇದೆ. ಗರಗಸ ಎಳೆದವರು, ಬಾಚಿ ಹಿಡಿದವರು, ರಾಳ ಕಾಯಿಸಿದವರು ಯಾರೆಂದು ಹಡಗಿನ ಮೇಲೆ ಎಲ್ಲೂ ಬರೆದಿಲ್ಲ. ಆ ಹಡಗುಗಳಲ್ಲಿ ದುಡಿದ ಲಸ್ಕರರೆಂಬ ಭಾರತೀಯ ನಾವಿಕರ ಸ್ಥಿತಿ ಇನ್ನೂ ಕಷ್ಟ. ಭಾರತದಲ್ಲಿ ಕಟ್ಟಿದ ಅಗ್ಗದ, ಗಟ್ಟಿ ಹಡಗುಗಳು ಥೇಮ್ಸ್‌ಗೆ ಬರತೊಡಗಿದಾಗ ಲಂಡನ್ನಿನ ಹಡಗು ಕಟ್ಟುವವರು ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ಗದ್ದಲ ಎಬ್ಬಿಸಿದರು. ನೆಪೋಲಿಯನ್ ಯುದ್ಧಗಳ ಕೊನೆಯ ಹೊತ್ತಿಗೆ ಬಂದ ಕಾನೂನುಗಳು ಬ್ರಿಟಿಷ್ ಹಡಗಿನ ಮುಕ್ಕಾಲು ಪಾಲು ನಾವಿಕರು ಬ್ರಿಟಿಷರೇ ಆಗಿರಬೇಕು ಎಂದವು. ಲಸ್ಕರರು ಬ್ರಿಟಿಷ್ ರಾಜನ ಪ್ರಜೆಗಳಾಗಿದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಬೇಕು, ಕೆಲಸಗಾರ ಬೇಡ. ವೀಸಾ ನಿಯಮಗಳ ಬಗ್ಗೆ ನಾವು ಊಟದ ಹೊತ್ತಿನಲ್ಲಿ ಆಡುವ ಮಾತುಗಳಿಗೆ ಇನ್ನೂರು ವರ್ಷದ ವಯಸ್ಸಿದೆ.

ಮರದ ಕಾಲ ಮುಗಿಯುತ್ತಿದೆ ಎಂದು ಮನೆತನದ ಕಿರಿಯರಿಗೆ ಬೇಗ ತಿಳಿಯಿತು. 1829ರಲ್ಲಿ ಬೊಂಬಾಯಿಯಲ್ಲೇ ಹ್ಯೂ ಲಿಂಡ್ಸೆ ಎಂಬ ಉಗಿ ಹಡಗು ಕಟ್ಟಿದರು. ಮರುವರ್ಷ ಅದು ಸೂಯೆಜ್‌ವರೆಗೆ ಹೋಗಿಬಂತು. 1838ರಲ್ಲಿ ಜಹಾಂಗೀರ್ ನೌರೋಜಿ, ಹೀರ್ಜಿಭಾಯ್ ಮೇರ್ವಾನ್‌ಜಿ ಎಂಬ ಇಬ್ಬರು ಯುವಕರು ಚಾಟಮ್‌ನ ಸರ್ಕಾರಿ ಹಡಗುಕಟ್ಟೆಯಲ್ಲಿ ಕಲಿಯಲು ಇಂಗ್ಲೆಂಡಿಗೆ ಬಂದರು. ಎರಡೂವರೆ ವರ್ಷ ಇದ್ದು, ಕಂಡದ್ದನ್ನು ಇಂಗ್ಲಿಷಿನಲ್ಲಿ ಪುಸ್ತಕ ಮಾಡಿ 1841ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಅವರ ಬಂಧು ಆರ್ದೇಶಿರ್ ಕರ್ಸೆಟ್‌ಜಿ ಉಗಿಯಂತ್ರದ ಹುಚ್ಚು ಹಿಡಿದವರು. 1841ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, ಆ ಗೌರವ ಪಡೆದ ಮೊದಲ ಭಾರತೀಯ. ರಾಮಾನುಜನ್ ಅವರದ್ದು 1918ರಲ್ಲಿ. ಬೊಂಬಾಯಿಯ ಉಗಿ ಕಾರ್ಖಾನೆಗೆ ಆರ್ದೇಶಿರ್ ಮುಖ್ಯ ಎಂಜಿನಿಯರ್ ಆದಾಗ ಅವರ ಕೈಕೆಳಗೆ ಯುರೋಪಿಯನ್ನರೂ ಇದ್ದರು. ಅದು ಕೆಲವರಿಗೆ ಸಹಿಸಲಾಗಲಿಲ್ಲ. ನಿವೃತ್ತಿಯ ನಂತರ ಅವರು ಇಂಗ್ಲೆಂಡಿನಲ್ಲೇ ನೆಲೆಸಿದರು, 1877ರಲ್ಲಿ ಲಂಡನ್ನಿನ ಬಳಿಯ ರಿಚ್‌ಮಂಡ್‌ನಲ್ಲಿ ತೀರಿಕೊಂಡರು.

ಕಬ್ಬಿಣದ ಹಡಗುಗಳು ಬಂದ ಮೇಲೆ ತೇಗಕ್ಕೂ ಅದನ್ನು ಬಲ್ಲ ಕೈಗಳಿಗೂ ಬೆಲೆ ಇಳಿಯಿತು. ಕಬ್ಬಿಣವೂ ಕಲ್ಲಿದ್ದಲೂ ಯಂತ್ರಗಳೂ ಇದ್ದದ್ದು ಬ್ರಿಟನ್ನಿನಲ್ಲಿ. 1880ರ ದಶಕದ ಹೊತ್ತಿಗೆ ಮಾಸ್ಟರ್ ಬಿಲ್ಡರ್ ಹುದ್ದೆಯ ಪರಂಪರೆ ಮುಗಿಯಿತು. ಮನೆತನದ ಇನ್ನೊಂದು ಕವಲು ಬಟ್ಟೆ ಗಿರಣಿಗೆ ಹೋಯಿತು. ಬಾಂಬೆ ಡೈಯಿಂಗ್ ಅವರದ್ದೇ, ನಮ್ಮ ಮಕ್ಕಳು ತಿನ್ನುವ ಬ್ರಿಟಾನಿಯಾ ಬಿಸ್ಕತ್ತು ಕೂಡ ಇಂದು ಅದೇ ಸಮೂಹದ್ದು.

ಟ್ರಿಂಕೋಮಲಿಯನ್ನು 1897ರಲ್ಲಿ ಗುಜರಿಗೆ ಮಾರಿದ್ದರು. ವೀಟ್ಲಿ ಕಾಬ್ ಎಂಬುವರು ಕೊಂಡು, ಫೂಡ್ರಾಯಂಟ್ ಎಂದು ಹೆಸರು ಬದಲಿಸಿ, ಹುಡುಗರ ತರಬೇತಿಗೆ ಇಟ್ಟುಕೊಂಡರು. 1987ರಲ್ಲಿ ಅದನ್ನು ಹಾರ್ಟಲ್‌ಪೂಲ್‌ಗೆ ತಂದರು. ಹಾರ್ಟಲ್‌ಪೂಲ್ ಕೂಡ ಒಂದು ಕಾಲಕ್ಕೆ ಹಡಗು ಕಟ್ಟುವ ಊರು, ಅಲ್ಲಿನ ಹಡಗುಕಟ್ಟೆಗಳು 1960ರ ದಶಕದಲ್ಲೇ ಮುಚ್ಚಿದ್ದವು. ಕೆಲಸ ಕಳೆದುಕೊಂಡ ಆ ಊರಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ದುರಸ್ತಿ ನಡೆದು, 2001ರ ಹೊತ್ತಿಗೆ ಮುಗಿದು, ಹಡಗಿಗೆ ಹಳೆಯ ಹೆಸರು ಮರಳಿತ್ತು. ಒಡಲಿನ ಬಹುಪಾಲು ಮರ ಜಮ್ಶೆಟ್‌ಜಿಯವರ ಕಾಲದ್ದೇ. ಇದೇ ವಿನ್ಯಾಸದಲ್ಲಿ ಇಂಗ್ಲೆಂಡಿನ ಚಾಟಮ್‌ನಲ್ಲಿ ಕಟ್ಟಿದ ಯೂನಿಕಾರ್ನ್ ಎಂಬ ಹಡಗು ಸ್ಕಾಟ್ಲೆಂಡಿನ ಡಂಡಿಯಲ್ಲಿದೆ. ಎರಡನ್ನೂ ನೋಡಿ ಹೋಲಿಸಬಹುದು.

ಹೋದಾಗ ಫೋಟೋ ತೆಗೆಸಿಕೊಂಡು ಮೇಲಿನ ಅಟ್ಟದಿಂದಲೇ ವಾಪಸ್ಸು ಬರಬೇಡಿ. ಕೆಳಗಿಳಿದು, ಪಕ್ಕೆಲುಬಿನಂಥ ತೊಲೆಗಳನ್ನು ಕೈಯಿಂದ ಮುಟ್ಟಿ ನೋಡಿ. ಮಕ್ಕಳು ಕೇಳಿದರೆ ಇದು ಸಾಗುವಾನಿ ಎಂದು ಹೇಳಿ, ಆ ಪದವನ್ನು ಅವರು ಬೇರೆಲ್ಲೂ ಕೇಳಿರುವುದಿಲ್ಲ. ತಲೆ ಮಾತ್ರ ಬಗ್ಗಿಸಿಯೇ ನಡೆಯಿರಿ, ಅಲ್ಲಿನ ಚಾವಣಿ ತುಂಬ ತಗ್ಗು.